ಅಣಬೆ ವೆಂಟಿನ ಟೇಪನ್ನು ಇಂದು ರಾತ್ರಿಯೇ ಕಿತ್ತುಹಾಕಿ

ನೆದರ್ಲೆಂಡ್ಸಿನ ಲೆಲಿಸ್ಟಾಡಿನಲ್ಲಿ ದೋಣಿಯಲ್ಲೇ ವಾಸವಿದ್ದು ನಮ್ಮ ಗುಂಪಿಗೆ ಬರೆದಿರುವ ಕುಮಟೆಯ ಸದಸ್ಯರಿಗೆ,

ನೀವು ನಿನ್ನೆ ಹಾಕಿದ ಮೂರು ಚಿತ್ರಗಳನ್ನು ಬೆಳಿಗ್ಗೆಯಿಂದ ಹಲವು ಬಾರಿ ನೋಡಿದೆ. ಮೊದಲನೆಯದರಲ್ಲಿ ಕ್ಯಾಬಿನ್ನಿನ ಅಣಬೆ ವೆಂಟಿಗೆ, ಅಂದರೆ ಛಾವಣಿಯ ಅಣಬೆಯಾಕಾರದ ಗಾಳಿಕಿಂಡಿಗೆ, ಒಳಗಿನಿಂದ ನೀಲಿ ಟೇಪ್ ಹಚ್ಚಿದ್ದೀರಿ. ಎರಡನೆಯದರಲ್ಲಿ ಗ್ಯಾಸ್ ಒಲೆಯ ಉರಿಯ ಮೇಲೆ ಹೂವಿನ ಮಣ್ಣಿನ ಕುಂಡವನ್ನು ಬೋರಲಾಗಿ ಇಟ್ಟಿದ್ದೀರಿ. ಮೂರನೆಯದರಲ್ಲಿ ಮುಂದಿನ ಬಂಕಿನ (ಮಲಗುವ ಕಟ್ಟೆಯ) ಹಾಸಿಗೆ ಎತ್ತಿದ್ದೀರಿ. ಅಡಿಯ ಪ್ಲೈವುಡ್ ಮೇಲೆ ನೀರು ನಿಂತಿದೆ. ಹಲ್, ಅಂದರೆ ದೋಣಿಯ ಒಡಲು, ಎಲ್ಲಿ ಸೋರುತ್ತಿದೆ ಎಂದು ಕೇಳಿದ್ದೀರಿ, ಇಬ್ಬರು ಸದಸ್ಯರು ಬಿರುಕು ಮುಚ್ಚುವ ಸಿಕಾಫ್ಲೆಕ್ಸ್ ಅಂಟು ಹಚ್ಚಲು ಹೇಳಿದ್ದಾರೆ. ದಯವಿಟ್ಟು ಹಚ್ಚಬೇಡಿ. ನಿಮ್ಮ ದೋಣಿ ಸೋರುತ್ತಿಲ್ಲ. ಮೂರನೆಯ ಚಿತ್ರದ ನೀರು ಮೊದಲೆರಡು ಚಿತ್ರಗಳಿಂದಲೇ ಹುಟ್ಟಿದ್ದು. ಕ್ರಿಸ್‌ಮಸ್ ರಜೆಗೆ ನಿಮ್ಮ ಮನೆಯವರೂ ಆರು ವರ್ಷದ ಮಗಳೂ ಬಂದು ಎರಡು ವಾರ ದೋಣಿಯಲ್ಲೇ ಉಳಿಯುವರೆಂದು ಬರೆದಿರುವುದರಿಂದ, ನೀರಿನ ಮಾತಿಗಿಂತ ಮೊದಲು ಕುಂಡದ ಮಾತನ್ನು ಆಡುತ್ತೇನೆ.

ಅದೇ ಕುಂಡವನ್ನು ನಾನೂ ಇಟ್ಟಿದ್ದೆ. 2010ರ ಡಿಸೆಂಬರಿನಲ್ಲಿ ನಾನು ಮತ್ತು ನನ್ನ ಹೆಂಡತಿ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಹ್ಯಾಂಬಲ್ ನದಿಯ, ದೋಣಿಗಳು ತಂಗುವ ಮರೀನಾವೊಂದರಲ್ಲಿ, 31 ಅಡಿಯ ದೋಣಿಯಲ್ಲಿ ವಾಸವಾಗಿದ್ದೆವು. ಬ್ರಿಟನ್ನಿನಲ್ಲಿ 1910ರಿಂದ ಲೆಕ್ಕ ಇಟ್ಟ ಮೇಲೆ ಅಷ್ಟು ಚಳಿಯ ಡಿಸೆಂಬರ್ ಬಂದಿರಲಿಲ್ಲ. ಕಾರವಾರದಲ್ಲಿ ಬೆಳೆದ ಮೈಗೆ ಆ ಚಳಿ ಹೊಸದು. ಗಾಳಿ ಬರುವ ಜಾಗಗಳನ್ನೆಲ್ಲ ಹುಡುಕಿ ಹುಡುಕಿ ಮುಚ್ಚಿದೆ, ಕುಂಡ ಕಾದರೆ ರಾತ್ರಿಯಿಡೀ ಬಿಸಿ ಬಿಡುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಉರಿಯ ಮೇಲೆ ಕುಂಡ ಬೋರಲು ಹಾಕಿದೆ. 24ರ ಬೆಳಿಗ್ಗೆ ಎದ್ದಾಗ ಹಣೆಯ ಎರಡೂ ಬದಿ ಸಿಡಿಯುತ್ತಿತ್ತು. ಹೆಂಡತಿ ಎದ್ದವಳೇ ವಾಂತಿ ಮಾಡಿಕೊಂಡಳು. ಹಿಂದಿನ ರಾತ್ರಿಯ ಮೀನು ಕೆಟ್ಟಿರಬೇಕೆಂದು ನಾವು ಮಾತಾಡಿಕೊಂಡು ಮತ್ತೆ ಮಲಗಿದೆವು. ಆ ಮತ್ತೆ ಮಲಗಿದ್ದನ್ನು ನೆನೆದರೆ ಇಂದಿಗೂ ನನ್ನ ಕೈಕಾಲು ತಣ್ಣಗಾಗುತ್ತವೆ. ಪಕ್ಕದ ದೋಣಿಯ ವೃದ್ಧರು ಹಾಲು ಕೊಡಲು ಬಂದು, ತಟ್ಟಿದರೂ ನಾವು ಏಳದಿದ್ದಾಗ ತಾವೇ ಹ್ಯಾಚ್ (ಕ್ಯಾಬಿನ್ನಿನ ಮುಚ್ಚಳಬಾಗಿಲು) ಸರಿಸಿ, ಇಬ್ಬರನ್ನೂ ಕೈಹಿಡಿದು ದೋಣಿಯ ತೆರೆದ ಕೂರುವ ಜಾಗವಾದ ಕಾಕ್‌ಪಿಟ್ಟಿಗೆ ಎಳೆದು ಕೂರಿಸಿದರು. ಹೊರಗಿನ ಗಾಳಿಯಲ್ಲಿ ಅರ್ಧ ಗಂಟೆ ಕೂತ ಮೇಲೆ ತಲೆ ಹಗುರವಾಯಿತು. ಮೀನಿನಿಂದ ಬಂದ ತಲೆನೋವು ಹಾಗೆ ಹೋಗುವುದಿಲ್ಲ ಎಂದು ಅವರೇ ಹೇಳಿದರು. ಬಳಿಕ ಆಸ್ಪತ್ರೆಗೂ ಅವರೇ ಕರೆದೊಯ್ದರು.

ಆದದ್ದು ಇಷ್ಟೇ. ಉರಿಯ ಮೇಲೆ ಕುಂಡ ಕವುಚಿದಾಗ ಉರಿಗೆ ಬೇಕಾದ ಗಾಳಿ ಸಾಲುವುದಿಲ್ಲ, ಅರೆಬರೆ ಉರಿದ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮೇಲೆ ವೆಂಟಿಗೆ ಟೇಪ್ ಇದ್ದರೆ ಅದಕ್ಕೆ ಹೋಗಲು ದಾರಿಯಿಲ್ಲ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಕುಂಡದಿಂದ ಬಿಸಿ ಹೆಚ್ಚುವುದೂ ಇಲ್ಲ. ಗ್ಯಾಸಿನಲ್ಲಿ ಇರುವಷ್ಟೇ ಬಿಸಿ ಕುಂಡದ ಮೂಲಕ ಬರುತ್ತದೆ. ಅಡುಗೆಯ ಒಲೆ ಅಡುಗೆಗೆ ಮಾತ್ರ, ಅದೂ ಮೇಲಿನ ಹ್ಯಾಚನ್ನು ಎರಡು ಬೆರಳು ತೆರೆದಿಟ್ಟು. ಒಲೆ ಹಚ್ಚಿಟ್ಟು ಮಲಗುತ್ತೇವೆ ಎಂದು ನೀವು ಸಹಜವಾಗಿ ಬರೆದಿದ್ದೀರಿ. ಮಗುವಿರುವ ದೋಣಿಯಲ್ಲಿ ಆ ವಾಕ್ಯವನ್ನು ಬರೆಯಲು ಮನಸ್ಸಾದರೂ ಹೇಗೆ ಬಂತು ಎಂದು ಕೇಳದಿರಲಾರೆ. ನಾಳೆ ಅಂಗಡಿ ತೆರೆದ ಕೂಡಲೇ ಇಎನ್ 50291-2 ಎಂದು ಮುದ್ರಿಸಿರುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡು ತನ್ನಿ. ಕೊನೆಯ ಆ 2 ಮುಖ್ಯ. ಅದು ದೋಣಿ ಮತ್ತು ಕ್ಯಾರವಾನಿಗೆಂದೇ ಇರುವ ಮಾನದಂಡ. ಒಂದನ್ನು ದೋಣಿಯ ಕೂರುವ ಕೋಣೆಯಲ್ಲಿ, ಇನ್ನೊಂದನ್ನು ಮಗಳು ಮಲಗುವ ಕ್ಯಾಬಿನ್ನಿನಲ್ಲಿ, ಮಲಗಿದವರ ಮೂಗಿನ ಎತ್ತರಕ್ಕೆ ಹಾಕಿ. ಬೆನ್ನಿನ ಮೇಲೆ ಸೆನ್ಸರಿನ ಅವಧಿ ಮುಗಿಯುವ ವರ್ಷ ಬರೆದಿರುತ್ತದೆ, ನೋಡಿಕೊಂಡು ಕೊಳ್ಳಿ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರವಾಗಿ ದೋಣಿಯ ತಳದ ಬಿಲ್ಜಿಗೆ ಇಳಿಯುವುದರಿಂದ ಅದು ಕೆಳಗೆ ಇರಬೇಕು. ಯಾವುದು ಕೂಗಿದರೂ ಮೊದಲು ಎಲ್ಲರೂ ಹೊರಗೆ, ಆಮೇಲೆ ತುರ್ತು ಸಂಖ್ಯೆ 112ಕ್ಕೆ ಕರೆ.

ಇನ್ನು ನೀರು. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಒಂದು ಕಿಲೋವ್ಯಾಟಿನ ಸಣ್ಣ ಉರಿಯನ್ನು ಎಂಟು ಗಂಟೆ ಇಟ್ಟರೆ ಹತ್ತಿರಹತ್ತಿರ ಒಂದು ಲೀಟರ್ ನೀರನ್ನು ನೀವೇ ಕ್ಯಾಬಿನ್ನಿಗೆ ಸುರಿದಂತೆ. ಇಬ್ಬರು ದೊಡ್ಡವರು ರಾತ್ರಿ ಉಸಿರಾಡಿ ಬೆವರಿ ಬಿಡುವುದು ಅರ್ಧ ಲೀಟರಿನ ಆಸುಪಾಸು. ಈ ಆವಿಯೆಲ್ಲ ಎಲ್ಲಿಗೆ ಹೋಗಬೇಕು? 18 ಡಿಗ್ರಿಯ ಗಾಳಿಯಲ್ಲಿ ಶೇ 70ರಷ್ಟು ತೇವಾಂಶವಿದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಸಿಕ್ಕರೂ ಅದು ಹನಿಗಟ್ಟುತ್ತದೆ. ನಿಮ್ಮ ಬಂಕಿನ ಕೆಳಗಿನ ಹಲ್ 4 ಡಿಗ್ರಿಯ ಕೆರೆನೀರಿಗೆ ತಾಗಿಕೊಂಡಿದೆ, ಮೇಲಿನಿಂದ ಹಾಸಿಗೆ ಅದಕ್ಕೆ ಕಂಬಳಿ ಹೊದಿಸಿ ಕ್ಯಾಬಿನ್ನಿನ ಬಿಸಿಯನ್ನೂ ತಡೆದಿದೆ. ಆದ್ದರಿಂದ ನೀರು ಅಲ್ಲಿಯೇ ನಿಲ್ಲುತ್ತದೆ.

ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೋಡಿಬಾಗದ ನಮ್ಮ ಮನೆಯ ಚಿರೇಕಲ್ಲಿನ ಗೋಡೆ ಆಷಾಢದಲ್ಲಿ ಬೆವರುತ್ತಿತ್ತು. ಜೂನ್ ಹುಟ್ಟುತ್ತಿದ್ದಂತೆ ಅಮ್ಮ ಮಂಚಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದು, ಕಪಾಟಿನ ಬಾಗಿಲುಗಳನ್ನು ಅರೆ ತೆರೆದು, ಮಡಚಿದ ಹಾಸಿಗೆಯ ಅಡಿಗೆ ಬಿದಿರಿನ ತಟ್ಟಿ ಹಾಕುತ್ತಿದ್ದರು. ಹಾಗೆ ಮಾಡದ ವರ್ಷ ಮೂಲೆಯ ಹಾಸಿಗೆಗೆ ಹಸಿರು ಬೂಷ್ಟು ಹಿಡಿಯಿತು. ಗಾಳಿ ಆಡಿದರೆ ಬೂಷ್ಟು ಬಾರದೆಂಬ ಆ ವಿದ್ಯೆಯೇ ಸಾಕಿತ್ತು; ಹ್ಯಾಂಬಲ್ಲಿನಲ್ಲಿ ನಾನು ಅದನ್ನು ಮರೆತು ಕೂತಿದ್ದೆ.

ಆ ಮುಂದಿನ ಚಳಿಗಾಲಕ್ಕೆ ಮಾಡಿದ ವ್ಯವಸ್ಥೆಯನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಾನು ಪ್ರಯತ್ನಿಸಿದ ಎಲ್ಲದರಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ರಬ್ಬರ್ ಹಾಲು ಚಿಮುಕಿಸಿ ಒತ್ತಿದ ತೆಂಗಿನ ನಾರಿನ ಹಾಳೆ ಗೊತ್ತಲ್ಲ, ನಮ್ಮಲ್ಲಿಯ ಕಾಯರ್ ಹಾಸಿಗೆಗಳ ಒಳಗೆ ಇರುವುದು, ಅದೇ. ಎರಡು ಸೆಂಟಿಮೀಟರ್ ದಪ್ಪದ್ದು ಸಾಕು. ಬೆಳಕಿಗೆ ಹಿಡಿದರೆ ನಾರುಗಳ ನಡುವೆ ಆಚೆಯದು ಕಾಣಬೇಕು. ಒತ್ತಿ ಒತ್ತಿ ಹಲಗೆಯಂತೆ ಮಾಡಿದ್ದು ಬೇಡ, ಅದರೊಳಗೆ ಗಾಳಿ ಆಡುವುದಿಲ್ಲ. ಬಂಕಿನ ಆಕಾರಕ್ಕೆ ದಿನಪತ್ರಿಕೆ ಅಂಟಿಸಿ ಮಾದರಿ ಮಾಡಿ, ಅದರಂತೆ ಹರಿತವಾದ ಅಡುಗೆ ಚಾಕುವಿನಿಂದ ಕತ್ತರಿಸಿ ಹಾಸಿ. ಬಂಕಿನ ಪ್ಲೈವುಡ್ಡಿಗೆ ಗೇಣಿಗೊಂದರಂತೆ 30 ಮಿಲಿಮೀಟರಿನ ತೂತು ಕೊರೆಯಿರಿ. ಇದನ್ನು ಬಿಟ್ಟು ಬರೀ ಹಾಳೆ ಹಾಸಿದರೆ ಅರ್ಧ ಫಲವೂ ಸಿಗದು. ಆದರೆ ಅಡಿಯಲ್ಲಿ ನೀರಿನ ಟ್ಯಾಂಕ್ ಇದ್ದರೆ ಡ್ರಿಲ್ಲಿನ ಮೊನೆಗೆ ಆಳದ ಗುರುತು ಕಟ್ಟಿಕೊಳ್ಳದೆ ಕೈ ಹಚ್ಚಬೇಡಿ. ಹಲ್‌ಗೆ ಒರಗುವ ಬದಿಯಲ್ಲಿಯೂ ಒಂದು ಪಟ್ಟಿ ನಿಲ್ಲಿಸಿ. ಬೆಳಿಗ್ಗೆ ಎದ್ದೊಡನೆ ಹಾಸಿಗೆಯನ್ನು ಹಾಗೇ ಮಡಚದೆ, ಗೋಡೆಗೆ ಒರಗಿಸಿ ಒಂದು ಗಂಟೆ ನಿಲ್ಲಿಸಿ. ಎರಡನೆಯ ಚಳಿಗಾಲದ ಜನವರಿಯಲ್ಲಿ ನಾನು ಹಾಸಿಗೆ ಎತ್ತಿ ಅಂಗೈ ಇಟ್ಟು ನೋಡಿದಾಗ ಪ್ಲೈವುಡ್ ತಣ್ಣಗಿತ್ತು, ಒಣಗಿತ್ತು, ಕೈಗೆ ಬರೀ ನಾರಿನ ಪುಡಿ ಹತ್ತಿತು. ಪ್ಲಾಸ್ಟಿಕ್ಕಿನ ಸ್ಪ್ರಿಂಗ್ ಜಾಲರಿಗಳನ್ನು ಮೂರು ಪಟ್ಟು ಬೆಲೆಗೆ ಮಾರುತ್ತಾರೆ. ಅವು ಕೆಟ್ಟವಲ್ಲ, ಆದರೆ ನಾರಿನ ಹಾಳೆ ಕೊಡುವ ಬೆಚ್ಚನೆ ಅವುಗಳಿಗಿಲ್ಲ. ಹಾಳೆ ಒದ್ದೆಯಾಗಿ ಗಬ್ಬುನಾರಿದರೆ ಮಾತ್ರ ಅದನ್ನು ತೊಳೆಯುವ ಗೋಜಿಗೆ ಹೋಗದೆ ಬದಲಿಸಿ.

ಬಿಸಿಗೆ ಏನು ಮಾಡುವುದು? ನಿಮ್ಮ ಮರೀನಾ ದೋಣಿಗೆ ಕೊಡುವ ವಿದ್ಯುತ್ತು 6 ಆಂಪಿಯರ್ ಎಂದಿದ್ದೀರಿ. 230 ವೋಲ್ಟಿಗೆ ಅದು 1,380 ವ್ಯಾಟ್. 700 ವ್ಯಾಟಿನ ಎಣ್ಣೆ ತುಂಬಿದ ರೇಡಿಯೇಟರ್ ಒಂದನ್ನು ದಿನವಿಡೀ ಸಣ್ಣಗೆ ಇಟ್ಟರೆ 30 ಅಡಿಯ ದೋಣಿಗೆ ತಕ್ಕಮಟ್ಟಿಗೆ ಸಾಕು. ಫ್ಯಾನ್ ಹೀಟರ್ ಉರುಳಿಬಿದ್ದು ಹೊದಿಕೆಗೆ ತಾಗುವುದರಿಂದ ಮಲಗುವಾಗ ಬೇಡ. ಕೇಬಲ್ ರೀಲನ್ನು ಸುತ್ತಿದಂತೆಯೇ ಇಟ್ಟು ಹೀಟರ್ ಹಚ್ಚಿದರೆ ಸುರುಳಿಯ ಒಳಗೆ ಕರಗುತ್ತದೆ, ಪೂರ್ತಿ ಬಿಚ್ಚಿ. ವಾರಕ್ಕೊಮ್ಮೆ ಶೋರ್ ಪವರಿನ (ದಡದಿಂದ ದೋಣಿಗೆ ಬರುವ ವಿದ್ಯುತ್ತಿನ) ನೀಲಿ ಪ್ಲಗ್ ತೆಗೆದು ಹಿತ್ತಾಳೆಯ ಪಿನ್ ನೋಡಿ. ಬುಡದಲ್ಲಿ ಕಂದು ಬಣ್ಣ ಕಂಡರೆ ಅಲ್ಲಿ ಸಂಪರ್ಕ ಸಡಿಲವಾಗಿ ಬಿಸಿಯಾಗುತ್ತಿದೆ ಎಂದರ್ಥ, ಅಂದೇ ಬದಲಿಸಿ.

ಹಣವಿದ್ದರೆ ಡೀಸೆಲ್ ಹೀಟರ್ ಹಾಕಿಸಿ. ವೆಬಾಸ್ಟೊ, ಎಬರ್‌ಸ್ಪೆಷರ್ ಎರಡೂ ಒಳ್ಳೆಯವು. ನನ್ನ ಒಲವು ಫ್ಯಾನೇ ಇಲ್ಲದ, ಚಿಮಣಿ ಇರುವ ರೆಫ್ಲೆಕ್ಸ್ ಒಲೆಯ ಕಡೆಗೆ, ಏಕೆಂದರೆ ಅದು ಸದ್ದಿಲ್ಲದೆ ಉರಿಯುತ್ತದೆ ಮತ್ತು ತೇವವನ್ನು ಚಿಮಣಿಯಲ್ಲೇ ಹೊರಗೆ ಒಯ್ಯುತ್ತದೆ. ಅಗ್ಗದ ಚೀನೀ ಹೀಟರುಗಳನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ, ಆದರೆ ಲಾರಿಗೆಂದು ಕೊಟ್ಟ ಹೊಗೆಕೊಳವೆಯನ್ನು ದೋಣಿಯ ಲಾಕರಿನೊಳಗೆ ಹಾಯಿಸುವುದನ್ನು ಖಂಡಿತ ಒಪ್ಪುವುದಿಲ್ಲ. ಕೀಲುಗಳು ಬಿಗಿಯಾಗಿ ಮುಚ್ಚುವ ಕೊಳವೆ ಬೇಕು. ಇಂಥ ಹೀಟರುಗಳನ್ನು ಸದಾ ಸಣ್ಣ ಉರಿಯಲ್ಲಿ ಇಟ್ಟರೆ ಮಸಿ ಕಟ್ಟುತ್ತವೆ, ದಿನಕ್ಕೊಮ್ಮೆ ಪೂರ್ತಿ ಉರಿಸಿ.

ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಕೊಳ್ಳುವುದಾದರೆ ಕಂಪ್ರೆಸರ್ ಇರುವುದು ಬೇಡ; 10 ಡಿಗ್ರಿಗಿಂತ ಕೆಳಗೆ ಅದು ಬರೀ ಮಂಜು ಕಟ್ಟಿಕೊಂಡು ನಿಲ್ಲುತ್ತದೆ. ತೇವ ಹೀರುವ ವಸ್ತುವಿನಿಂದ ಕೆಲಸ ಮಾಡುವ ಡೆಸಿಕ್ಯಾಂಟ್ ಬಗೆಯದು ಬೇಕು, ಮೀಕೋದ ಸಣ್ಣ ಯಂತ್ರ ನನಗೆ ಮೆಚ್ಚಿಗೆಯಾಯಿತು, ಅದು ಬಿಡುವ ಬೆಚ್ಚನೆಯ ಗಾಳಿಯೂ ಲಾಭವೇ. ಅದರ ನೀರಿನ ಕೊಳವೆಯನ್ನು ಸಿಂಕಿಗೆ ಬಿಡಿ. ಇಲ್ಲೊಂದು ತೊಡಕಿದೆ: ಅದು ಓಡುವಾಗ ಎಲ್ಲವನ್ನೂ ತೆರೆದಿಟ್ಟರೆ ಇಡೀ ಕೆರೆಯ ತೇವವನ್ನು ಒಣಗಿಸಲು ಹೊರಟಂತಾಗುತ್ತದೆ, ಮುಚ್ಚಿಟ್ಟರೆ ಗಾಳಿಯಿಲ್ಲ. ನಾನು ಹಗಲು ಮನೆಮಂದಿ ಹೊರಗಿರುವಾಗ, ಒಲೆ ಆರಿರುವಾಗ, ಹ್ಯಾಚ್ ಮುಚ್ಚಿ ಮೂರು ಗಂಟೆ ಓಡಿಸುತ್ತಿದ್ದೆ. ಜನ ಒಳಗಿದ್ದಾಗ ಅಣಬೆ ವೆಂಟು ಸದಾ ತೆರೆದಿರುತ್ತಿತ್ತು. ತೇವ ಹೀರುವ ಬಿಳಿ ಹರಳಿನ ಡಬ್ಬಿಗಳು ಮುಚ್ಚಿದ ಸಣ್ಣ ಲಾಕರಿಗೆ ಸರಿ, ಜನವಾಸದ ಕ್ಯಾಬಿನ್ನಿಗೆ ಅವು ಎಲ್ಲಿಯೂ ಸಾಲವು.

ಅಡುಗೆಯಲ್ಲಿಯೂ ನಮ್ಮವರಿಗೆ ವಿಶೇಷ ಎಚ್ಚರ ಬೇಕು. ಕುಚ್ಚಲಕ್ಕಿಯನ್ನು ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕುದಿಸಿದರೆ ಕಿಟಕಿಯ ಗಾಜಿನಿಂದ ನೀರು ಧಾರೆಯಾಗಿ ಇಳಿಯುತ್ತದೆ. ಕುಕ್ಕರಿನಲ್ಲಿ ಎರಡು ಸೀಟಿ ಆದೊಡನೆ ಆರಿಸಿ, ದಪ್ಪ ಟವೆಲಿನಲ್ಲಿ ಸುತ್ತಿಟ್ಟರೆ ಅನ್ನವೂ ಬೇಯುತ್ತದೆ, ಆವಿಯೂ ಕಡಿಮೆಯಾಗುತ್ತದೆ. ಸ್ನಾನ ಮರೀನಾದ ಸ್ನಾನಗೃಹದಲ್ಲೇ ಆಗಲಿ, ಒದ್ದೆ ಬಟ್ಟೆ ಒಳಗೆ ಬೇಡ. ನಿಮ್ಮದು ಬ್ಯುಟೇನ್ ಸಿಲಿಂಡರ್ ಆಗಿದ್ದರೆ ಸೊನ್ನೆ ಡಿಗ್ರಿಯ ಮುಂಜಾವಿನಲ್ಲಿ ಗ್ಯಾಸು ಏಳುವುದೇ ಇಲ್ಲ. ಆಗ ಬೆಚ್ಚಗಾಗಲೆಂದು ಸಿಲಿಂಡರನ್ನು ಕ್ಯಾಬಿನ್ನಿಗೆ ತರುವವರನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಎಂದೂ ಮಾಡಬೇಡಿ. ಪ್ರೊಪೇನಿಗೆ ಬದಲಿಸಿ, ಅದು ಕುದಿಯುವುದು ಮೈನಸ್ 42ರಲ್ಲಿ.

ನೀವಿರುವುದು ಸಿಹಿನೀರಿನಲ್ಲಿ ಎಂಬುದನ್ನು ಮರೆಯಬೇಡಿ. 1932ರಲ್ಲಿ ಆಫ್‌ಸ್ಲಾಯ್ಟ್‌ಡೈಕ್ ಎಂಬ ಒಡ್ಡು ಕಟ್ಟಿ ಸಮುದ್ರವನ್ನು ತಡೆದ ಮೇಲೆ ಐಸೆಲ್‌ಮೇರ್ ಸರೋವರವಾಯಿತು. ಸಮುದ್ರದ ನೀರು ಮೈನಸ್ 1.9ರವರೆಗೆ ತಾಳುತ್ತದೆ, ನಿಮ್ಮದು ಸೊನ್ನೆಗೇ ಹೆಪ್ಪುಗಟ್ಟಿ ಶೇ 9ರಷ್ಟು ಹಿಗ್ಗುತ್ತದೆ. ಹೊಸ ವರ್ಷಕ್ಕೆ ಎರಡು ದಿನ ಆಮ್‌ಸ್ಟರ್‌ಡ್ಯಾಮಿಗೆ ಹೋಗುವುದಾದರೆ ಸೀಕಾಕ್ (ಹಲ್ಲಿನ ನೀರಿನ ಕವಾಟ) ಮುಚ್ಚಿ, ಇಂಜಿನ್ನಿನ ಹೊರನೀರಿನ ದಾರಿಗೆ ಹೆಪ್ಪುಗಟ್ಟದಂತೆ ತಡೆಯುವ ಪ್ರೊಪಿಲೀನ್ ಗ್ಲೈಕಾಲ್ ಹಾಯಿಸಿ, ಏಕೆಂದರೆ ಕ್ಯಾಬಿನ್ ಬೆಚ್ಚಗಿದ್ದರೂ ಇಂಜಿನ್ ಪೆಟ್ಟಿಗೆ ತಣ್ಣಗಿರುತ್ತದೆ. ನೆದರ್ಲೆಂಡ್ಸಿನ ಝೀಲಾಂಡ್ ಪ್ರಾಂತ್ಯದ ಉಪ್ಪುನೀರಿನಿಂದ ತಂದ ದೋಣಿಯಾದ್ದರಿಂದ ಜಿಂಕ್ ಆನೋಡ್ (ದೋಣಿಯ ಲೋಹಭಾಗಗಳ ಬದಲು ತಾನೇ ಸವೆಯುವ ತುಂಡು) ಇರಬಹುದು. ಸಿಹಿನೀರಿನಲ್ಲಿ ಅದು ಪೊರೆ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ, ಮೆಗ್ನೀಸಿಯಂ ಬೇಕು. ಶೋರ್ ಪವರಿನ ಅರ್ತ್ ತಂತಿ ನಿಮ್ಮನ್ನು ಅಕ್ಕಪಕ್ಕದ ದೋಣಿಗಳಿಗೆಲ್ಲ ಜೋಡಿಸುವುದರಿಂದ ಲೋಹ ಸವೆಸುವ ಆ ಸಣ್ಣ ವಿದ್ಯುತ್ತನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರನ್ನೂ ಹಾಕಿಸಿ. ಕಾಕ್‌ಪಿಟ್ ಲಾಕರಿನಲ್ಲಿಟ್ಟ ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಕೆಡುತ್ತದೆ, ಒಳಗೆ ತನ್ನಿ.

ಕೊನೆಯದಾಗಿ ಪಾಂಟೂನ್, ಅಂದರೆ ದೋಣಿಗೆ ನಡೆದು ಹೋಗುವ ತೇಲುವ ಕಟ್ಟೆ. ಕಾಳಿ ನದಿಯಲ್ಲಿ ಈಜಿ ಬೆಳೆದವರಿಗೆ ನೀರಿನ ಭಯವಿಲ್ಲ, ನನಗೂ ಇರಲಿಲ್ಲ. 3 ಡಿಗ್ರಿಯ ನೀರು ಬೇರೆ. ಮೊದಲ ನಿಮಿಷ ಉಸಿರೇ ನಿಮ್ಮ ಮಾತು ಕೇಳುವುದಿಲ್ಲ, ಹತ್ತು ನಿಮಿಷದೊಳಗೆ ಕೈಗಳು ಹಗ್ಗ ಹಿಡಿಯಲಾರವು. ರಾತ್ರಿ ಶೌಚಕ್ಕೆ ಹೋಗುವಾಗಲೂ ಲೈಫ್ ಜಾಕೆಟ್ ಹಾಕಿ, ಮಗಳು ಹ್ಯಾಚ್ ದಾಟುವ ಮೊದಲೇ ಹಾಕಿಸಿ. ನೀರಿನಿಂದ ಕೈಗೆಟುಕುವಂತೆ ಹಿಂಬದಿಯಲ್ಲಿ ಹಗ್ಗದ ಏಣಿ ಇಳಿಬಿಡಿ. ಮಂಜು ಬಿದ್ದ ಬೆಳಿಗ್ಗೆ ಮರದ ಹಲಗೆ ಎಣ್ಣೆ ಸುರಿದಂತಿರುತ್ತದೆ.

ಟೇಪ್ ಕಿತ್ತ ಮೇಲೆ ಒಂದು ತೇವಮಾಪಕ ತಂದು ಮುಂದಿನ ಕ್ಯಾಬಿನ್ನಿನಲ್ಲಿಟ್ಟು, ರಾತ್ರಿ ಮಲಗುವಾಗ ಮತ್ತು ಬೆಳಿಗ್ಗೆ ಎದ್ದಾಗ ತೋರಿಸುವ ಅಂಕಿಗಳನ್ನು ಇಲ್ಲಿ ಬರೆಯಿರಿ. ಬಂಕಿನ ಮಾದರಿಯ ಉದ್ದ ಅಗಲವನ್ನೂ ಕಳಿಸಿದರೆ ಎಷ್ಟು ಹಾಳೆ ಬೇಕೆಂದು ಲೆಕ್ಕ ಹಾಕಿ ತಿಳಿಸುತ್ತೇನೆ.