ಲೈಸೆನ್ಸ್ ಕಡತವೇ ಇಲ್ಲದ ಕೋಡನ್ನು ನನ್ನ ತಂತ್ರಾಂಶದಲ್ಲಿ ಬಳಸಬಹುದೇ?

ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿರುವ ಒಂದು ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಮ್‌ಗಳಲ್ಲಿ ಬಳಸಲೆಂದು ಬರೆದ ಸಿದ್ಧ ಕೋಡಿನಲ್ಲಿ) ಬಳಕೆಯ ಅನುಮತಿ ಹೇಳುವ ಲೈಸೆನ್ಸ್ ಕಡತವೇ ಇಲ್ಲ, ಆದ್ದರಿಂದ ಅದಕ್ಕೆ ಯಾವ ಷರತ್ತೂ ಇಲ್ಲವೆಂದು ತಿಳಿದು ನನ್ನ ತಂತ್ರಾಂಶದೊಳಗೆ ಸೇರಿಸಿ ಮಾರಬಹುದಲ್ಲವೇ ಎಂದು ಕೇಳಿದ್ದೀರಿ. ಸೇರಿಸಬೇಡಿ. ಪ್ರೋಗ್ರಾಮಿಂಗ್ ಕಲಿತ ಹೊಸತರಲ್ಲಿ ನಾನೂ ನಿಮ್ಮಂತೆಯೇ ತಿಳಿದಿದ್ದೆ, ಆದರೆ ಆ ಲೆಕ್ಕ ತಲೆಕೆಳಗು.

ಬೇಲಿ ಹಾಕುವುದು ಕೃತಿಸ್ವಾಮ್ಯ, ಅಂದರೆ ಕಾಪಿರೈಟ್. ಲೈಸೆನ್ಸ್ ಎಂಬುದು ಆ ಬೇಲಿಗೆ ಕರ್ತೃವೇ ಇಡುವ ಉಣುಗೋಲು. ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದವನ್ನು 1908ರಲ್ಲಿ ಪರಿಷ್ಕರಿಸಿದಂದಿನಿಂದ, ಅದಕ್ಕೆ ಬದ್ಧವಾದ ದೇಶಗಳಲ್ಲಿ ಕೃತಿಸ್ವಾಮ್ಯ ದೊರೆಯಲು ನೋಂದಣಿಯಾಗಲಿ ವೃತ್ತದೊಳಗಿನ ಆ ಪುಟ್ಟ ಚಿಹ್ನೆಯಾಗಲಿ ಬೇಕಿಲ್ಲ. ಬೌದ್ಧಿಕ ಆಸ್ತಿಯ ಹಕ್ಕುಗಳ ಕುರಿತ 1994ರ ಟ್ರಿಪ್ಸ್ ಒಪ್ಪಂದ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿತು. ಹೀಗಾಗಿ ಯಾರೋ ಕೋಡ್ ಬರೆದು ಉಳಿಸಿದ ಕ್ಷಣದಲ್ಲೇ ನಕಲು ಮಾಡುವ, ತಿದ್ದುವ, ಹಂಚುವ ಹಕ್ಕುಗಳೆಲ್ಲ ಅವರದಾಗುತ್ತವೆ, ಮತ್ತು ಅವರು ಏನನ್ನೂ ಹೇಳದಿದ್ದರೆ ನಿಮಗೆ ಅನುಮತಿ ಸಿಕ್ಕಿಲ್ಲ ಎಂದೇ ಅರ್ಥ. ಸಾರ್ವಜನಿಕವಾಗಿ ಇಟ್ಟದ್ದರಿಂದ ಗಿಟ್‌ಹಬ್‌ನ ಷರತ್ತುಗಳ ಪ್ರಕಾರ ಅಲ್ಲಿಯೇ ಅದನ್ನು ನೋಡುವ ಮತ್ತು ಫೋರ್ಕ್ ಮಾಡುವ (ತಮ್ಮ ಖಾತೆಯಲ್ಲಿ ಅದರ ಪ್ರತಿ ಮಾಡಿಕೊಳ್ಳುವ) ಅವಕಾಶವಷ್ಟೇ ಇತರರಿಗೆ ದೊರೆಯುತ್ತದೆ. ಆದರೆ ಓದಿ ತಿಳಿದುಕೊಂಡ ವಿಧಾನವನ್ನು ನಿಮ್ಮದೇ ಸಾಲುಗಳಲ್ಲಿ ಬರೆಯುವುದಕ್ಕೆ ಕೃತಿಸ್ವಾಮ್ಯದ ಅಡ್ಡಿಯಿಲ್ಲ, ಏಕೆಂದರೆ ಅದು ಕಾಯುವುದು ಅಭಿವ್ಯಕ್ತಿಯನ್ನು, ಅದರ ಹಿಂದಿನ ವಿಚಾರವನ್ನಲ್ಲ. ಪೇಟೆಂಟ್ ಬೇರೆಯದೇ ಕಥೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಲೈಸೆನ್ಸ್ ಇದ್ದಾಗಲೂ ಅದನ್ನು ಓದಬೇಕು. ಮುಕ್ತ ತಂತ್ರಾಂಶಕ್ಕೆ ಬಳಸುವ ಎಂಐಟಿ ಲೈಸೆನ್ಸ್ ಅರ್ಧ ಪುಟವೂ ಇಲ್ಲ: ಏನು ಬೇಕಾದರೂ ಮಾಡಿ, ಮಾರಿ, ಆದರೆ ಕೃತಿಸ್ವಾಮ್ಯದ ಸಾಲನ್ನೂ ಈ ಅನುಮತಿಯ ಪಠ್ಯವನ್ನೂ ಪ್ರತಿಯೊಂದು ನಕಲಿನಲ್ಲಿ ಇರಿಸಿ ಎನ್ನುತ್ತದೆ. ಇಷ್ಟು ಸುಲಭದ ಷರತ್ತನ್ನೇ ಜನ ಹೆಚ್ಚಾಗಿ ಮುರಿಯುತ್ತಾರೆ ಎಂಬುದು ನನ್ನ ಅನುಭವ. ನಮ್ಮ ತಂಡದಲ್ಲೇ ಒಮ್ಮೆ ದಿನಾಂಕಗಳನ್ನು ಓದುವ ನಲವತ್ತು ಸಾಲಿನ ಫಂಕ್ಷನ್ ಒಂದನ್ನು ಪರಿಶೀಲಿಸುವಾಗ, ಅದರ ಶೈಲಿ ಉಳಿದ ಕೋಡಿಗೆ ಹೊಂದದ್ದನ್ನು ಕಂಡು ಹುಡುಕಿದೆವು. ಮೂಲ ಕಡತದ ತಲೆಯಲ್ಲಿದ್ದ ಮೂರು ಸಾಲಿನ ಕಾಮೆಂಟನ್ನು ಯಾರೋ 'ಚೊಕ್ಕಟ' ಮಾಡಲೆಂದು ಅಳಿಸಿದ್ದರು. ಅಳಿಸಿದ್ದು ಕರ್ತೃವಿನ ಹೆಸರನ್ನು, ಅಂದರೆ ನಮಗಿದ್ದ ಅನುಮತಿಯನ್ನೇ. ಇಂಥ ಷರತ್ತುಗಳಿಗೆ ಬಲವಿಲ್ಲವೆಂದು ವಾದಿಸುವವರಿಗೆ, ಆಟಿಕೆ ರೈಲುಗಳನ್ನು ನಿಯಂತ್ರಿಸುವ ಮುಕ್ತ ತಂತ್ರಾಂಶದ ಬಗ್ಗೆ ನಡೆದ ಜೇಕಬ್‌ಸನ್ ವಿರುದ್ಧ ಕಾಟ್ಜರ್ ಮೊಕದ್ದಮೆಯನ್ನು ನೆನಪಿಸುತ್ತೇನೆ: ಉಚಿತವಾಗಿ ಕೊಟ್ಟ ಲೈಸೆನ್ಸಿನ ಷರತ್ತನ್ನು ಮುರಿದರೂ ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಹೇಳಿತು.

ಮುಕ್ತ ತಂತ್ರಾಂಶದ ಮತ್ತೊಂದು ಲೈಸೆನ್ಸ್ ಆದ ಜಿಪಿಎಲ್ ಕುರಿತು ಅನಗತ್ಯ ಭಯವಿದೆ. ನಿಮ್ಮಲ್ಲೇ ಬಳಸಿಕೊಂಡರೆ ಅದು ಏನನ್ನೂ ಕೇಳುವುದಿಲ್ಲ. ಅದರ ಕೋಡನ್ನು ಬೆರೆಸಿದ ಪ್ರೋಗ್ರಾಮನ್ನು ಇತರರಿಗೆ ಹಂಚಿದಾಗ ಮಾತ್ರ ಇಡೀ ಪ್ರೋಗ್ರಾಮಿನ ಮೂಲ ಕೋಡನ್ನು ಅದೇ ಲೈಸೆನ್ಸಿನಡಿ ಅವರಿಗೆ ಒದಗಿಸಬೇಕು. ಹಣಕ್ಕೆ ಮಾರುವುದನ್ನು ಅದು ತಡೆಯುವುದಿಲ್ಲ.

ಇನ್ನು ನೀವು ಮಾಡಬೇಕಾದದ್ದು: ಆ ಲೈಬ್ರರಿಯ ಕರ್ತೃವಿಗೆ ವಿನಯದಿಂದ ಬರೆದು, ಯಾವುದಾದರೊಂದು ಲೈಸೆನ್ಸ್ ಸೇರಿಸುವಿರಾ ಎಂದು ಕೇಳಿ. ನಾನು ಹಾಗೆ ಕೇಳಿದಾಗಲೆಲ್ಲ ಮರೆತಿದ್ದೆವು ಎಂಬ ಉತ್ತರವೇ ಹೆಚ್ಚು ಬಂದಿದೆ. ಕೇಳುವ ಮುನ್ನ ಕಮಿಟ್‌ಗಳ (ಯಾರು ಯಾವ ಬದಲಾವಣೆ ಮಾಡಿದರೆಂಬ ದಾಖಲೆಗಳ) ಇತಿಹಾಸವನ್ನೂ ನೋಡಿ, ಏಕೆಂದರೆ ಐದು ಮಂದಿ ಬರೆದಿದ್ದರೆ ಅವರವರ ಭಾಗದ ಹಕ್ಕು ಸಾಮಾನ್ಯವಾಗಿ ಅವರವರದೇ, ಮತ್ತು ಒಬ್ಬರ ಒಪ್ಪಿಗೆ ಉಳಿದ ನಾಲ್ವರ ಸಾಲುಗಳಿಗೆ ಸಾಲದು.