ಬೆಂಕಿ ಹೊತ್ತಿದ ಆಫ್‌ರೋಡ್ ಗಾಡಿ: ಒಳಭಾಗದ ಕೆಲಸ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನ್ನ ಬಳಿ ಏರ್‌ಬ್ಯಾಗ್ ಇಲ್ಲದ ಕಾಲದ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದಿದೆ. ಕಾಡುದಾರಿಗೆ, ಕೆಸರಿಗೆ, ಹೊಳೆ ದಾಟುವುದಕ್ಕೆ ಎಲ್ಲ ಅದೇ. ಮೂರು ವಾರದ ಹಿಂದೆ ಕೀ ತೆಗೆದು ನಿಲ್ಲಿಸಿದ್ದಾಗ ಡ್ಯಾಶ್‌ಬೋರ್ಡಿನ ಎಡಗಡೆಯಿಂದ ಹೊಗೆ ಬಂತು, ನೋಡನೋಡುತ್ತ ಹೊತ್ತಿಕೊಂಡಿತು. ಡ್ರೈ ಪೌಡರ್ ಸಿಲಿಂಡರಿನಿಂದ ಆರಿಸಿ, ಆಮೇಲೆ ನೀರೂ ಹಾಕಿದೆವು. ಡ್ಯಾಶ್‌ಬೋರ್ಡ್ ಅರ್ಧ ಕರಗಿದೆ, ಮುಂದಿನ ಒಂದು ಸೀಟು ಸುಟ್ಟಿದೆ, ಮೇಲಿನ ಲೈನಿಂಗ್ ಜೋತುಬಿದ್ದಿದೆ. ಹಿಂದಿನ ಸೀಟು, ಕಾರ್ಪೆಟ್ ಚೆನ್ನಾಗಿಯೇ ಇವೆ, ಮಸಿ ಮಾತ್ರ. ಎಂಜಿನ್‌ಗೆ ಏನೂ ಆಗಿಲ್ಲ. ಸುಟ್ಟ ಭಾಗವಷ್ಟೇ ಬದಲಿಸಿ ಉಳಿದದ್ದನ್ನು ತೊಳೆದು ಓಡಿಸಬಹುದೇ?

ಉತ್ತರ: ಗಾಡಿ ಉಳಿಯುತ್ತದೆ. ಆದರೆ ಸುಟ್ಟದ್ದನ್ನು ಕಿತ್ತು ಉಳಿದದ್ದನ್ನು ತೊಳೆಯುವ ಯೋಚನೆಯನ್ನು ದಯವಿಟ್ಟು ಬಿಡಿ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹಚ್ಚಿದ್ದು ‘ಮೂರು ವಾರ’ ಮತ್ತು ‘ಮಸಿ ಮಾತ್ರ’ ಎಂಬ ಎರಡು ಮಾತು.

ವೈರುಗಳ ಹೊದಿಕೆ, ಡ್ಯಾಶ್‌ಬೋರ್ಡಿನ ಮೇಲ್ಪದರ, ರೆಕ್ಸಿನ್ ಸೀಟು, ಇವುಗಳಲ್ಲೆಲ್ಲ ಹೆಚ್ಚಾಗಿ ಪಿವಿಸಿ ಇರುತ್ತದೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಅದಕ್ಕೆ ನೀರಿನ ಪಸೆ ಸಿಕ್ಕಿತೆಂದರೆ ಹೈಡ್ರೋಕ್ಲೋರಿಕ್ ಆಮ್ಲ. ಹೊಗೆ ಹೋದಲ್ಲೆಲ್ಲ ಮಸಿಯ ಜೊತೆ ಅದೂ ಹೋಗಿ ಕೂತಿರುತ್ತದೆ. ಬೆಂಕಿ ತಾಗದ ಹಿಂದಿನ ಸೀಟಿನ ಕೆಳಗೂ, ಬಾಗಿಲ ಪ್ಯಾಡಿನ ಹಿಂದೆಯೂ. ಇದರ ಮೇಲೆ ಡ್ರೈ ಪೌಡರ್ ಬಿದ್ದಿದೆ. ಎಬಿಸಿ ಎಂದು ಬರೆದಿರುವ ಸಿಲಿಂಡರಿನ ಪುಡಿಯಲ್ಲಿ ಮುಖ್ಯವಾಗಿ ಇರುವುದು ಮೋನೋ ಅಮೋನಿಯಂ ಫಾಸ್ಫೇಟ್. ಒಣಗಿದ್ದಾಗ ಅದರ ಕಾಟ ಅಷ್ಟಿಲ್ಲ. ತೇವ ಹೀರಿದ ಮೇಲೆ ಅದೂ ಲೋಹ ತಿನ್ನತೊಡಗುತ್ತದೆ. ನೀವು ನೀರೂ ಹಾಕಿದ್ದೀರಿ, ಆ ಹೊತ್ತಿಗೆ ಹಾಕಲೇಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಹಾಗಾಗಿ ಬೆಂಕಿ ಆರಿ ಮೂರು ವಾರವಾದರೂ ಅದು ಶುರುಮಾಡಿದ ಹಾಳುಗೆಲಸ ಇನ್ನೂ ನಡೆದೇ ಇದೆ.

ಒಂದು ಪರೀಕ್ಷೆ ಮಾಡಿ. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಟೇಲ್ ಲ್ಯಾಂಪಿಗೆ ಹೋಗುವ ಒಂದು ಕನೆಕ್ಟರನ್ನು ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಪಿನ್ನುಗಳ ಬುಡದಲ್ಲಿ ಹಸಿರು, ಬಿಳಿ ಹುಡಿ ಕಂಡರೆ ಅದು ಕಿಲುಬು. ಆ ವೈರಿನ ಹೊದಿಕೆಯನ್ನು ಒಂದು ಬೆರಳಗಲ ಸುಲಿಯಿರಿ. ಒಳಗಿನ ತಾಮ್ರ ಹೊಳೆಯುವ ಕೆಂಪಾಗಿರಬೇಕು. ಕಪ್ಪಗಿದ್ದರೆ ಇನ್ನೊಂದು ಬೆರಳಗಲ ಸುಲಿಯಿರಿ. ಸುಲಿದಷ್ಟೂ ಕಪ್ಪೇ ಸಿಗುತ್ತಿದ್ದರೆ ಆ ವೈರಿನ ಆಯುಸ್ಸು ಮುಗಿದಿದೆ.

ಇವತ್ತೇ ಮಾಡಬೇಕಾದ್ದು ಸ್ವಲ್ಪ. ವಿಮೆ ಇದ್ದರೆ ಯಾವುದನ್ನೂ ಮುಟ್ಟುವ ಮೊದಲು ಮೂಲೆಮೂಲೆಯ ಫೋಟೊ ತೆಗೆಯಿರಿ. ಪರಿಶೀಲನೆ ಮುಗಿಯುವ ತನಕ ಏನನ್ನೂ ಎಸೆಯಬೇಡಿ. ಗಾಡಿಯನ್ನು ಮಳೆ ತಾಗದ, ಗಾಳಿಯಾಡುವ ಕಡೆ ನಿಲ್ಲಿಸಿ ಬಾಗಿಲು ತೆರೆದಿಡಿ. ಒಳಗೆ ಕೈಹಾಕುವಾಗ ನೈಟ್ರೈಲ್ ಕೈಗವಸು, ಕನ್ನಡಕ, ವಿಷಾನಿಲ ಸೋಸುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕೇ ಬೇಕು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮಾಡುವ ಕೆಲಸ ಇದಲ್ಲ. ಸುಟ್ಟು ಜಿಗುಟಾದ ರಬ್ಬರ್ ಸೀಲು, ಓ-ರಿಂಗು ಕಂಡರೆ ಬರಿಗೈಯಲ್ಲಿ ಮುಟ್ಟಲೇಬೇಡಿ. ಕೆಲವು ಸೀಲುಗಳು ಫ್ಲೋರಿನ್ ಇರುವ ರಬ್ಬರಿನವು. ಅವು ಸುಟ್ಟಾಗ ಹುಟ್ಟುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಗೆ ಇಳಿದು ಮೂಳೆಯವರೆಗೂ ಹೋಗಬಲ್ಲದು. ನಿಮ್ಮದರಲ್ಲಿ ಏರ್‌ಬ್ಯಾಗ್ ಇಲ್ಲದ್ದು ಒಂದು ಸಮಾಧಾನ. ಇರುವ ಗಾಡಿಯಾದರೆ, ಕಾವು ತಿಂದು ಸಿಡಿಯದೆ ಉಳಿದ ಏರ್‌ಬ್ಯಾಗನ್ನೂ ಡಿಕ್ಕಿಯಾದಾಗ ಸೀಟ್ ಬೆಲ್ಟನ್ನು ಬಿಗಿಯುವ ಪ್ರೀಟೆನ್ಷನರನ್ನೂ ತರಬೇತಾದವರೇ ತೆಗೆಯಬೇಕು. ಅವುಗಳೊಳಗೆ ಇರುವುದು ಸ್ಫೋಟಕ.

ಇನ್ನು ಬೆಂಕಿ ಎಲ್ಲಿ ಹುಟ್ಟಿತು ಎಂಬುದು. ಇದನ್ನು ಪತ್ತೆ ಮಾಡದೆ ಹೊಸ ಡ್ಯಾಶ್‌ಬೋರ್ಡ್ ಕೂರಿಸಿದರೆ ಮತ್ತೊಂದು ಬೆಂಕಿಗೆ ಸೌದೆ ಒಟ್ಟಿದಂತೆ. ನೀವು ಕೊಟ್ಟ ಸುಳಿವು ಒಳ್ಳೆಯದು: ಕೀ ತೆಗೆದಿತ್ತು. ಅಂದರೆ ಕೀ ಇಲ್ಲದಿದ್ದರೂ ಸದಾ ಕರೆಂಟ್ ಇರುವ ವೈರುಗಳ ಮೇಲೆಯೇ ನನ್ನ ಮೊದಲ ಅನುಮಾನ. ಮ್ಯೂಸಿಕ್ ಸಿಸ್ಟಮ್ಮಿನ ಮೆಮೊರಿ ವೈರು, ಹಜಾರ್ಡ್ ಲೈಟು, ಆಮೇಲೆ ನೀವಾಗಿ ಹಾಕಿಸಿದ್ದು: ಹೆಚ್ಚುವರಿ ಲೈಟು, ಏರ್ ಕಂಪ್ರೆಸರ್, ಫ್ರಿಜ್ಜು, ವಿಂಚ್ (ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ಯಂತ್ರ) ಸ್ವಿಚ್ಚು. ಎಂಜಿನ್ ಕಡೆಯಿಂದ ಇವು ಒಳಗೆ ಬರುವ ತೂತನ್ನು ಹುಡುಕಿ. ಆ ತೂತಿನ ಅಂಚಿಗೆ ರಬ್ಬರ್ ಗ್ರೊಮೆಟ್, ಅಂದರೆ ಅಂಚು ಮುಚ್ಚುವ ಬಳೆ, ಇತ್ತೇ? ಕಲ್ಲುದಾರಿಯಲ್ಲಿ ಕುಲುಕಿ ಕುಲುಕಿ ತಗಡಿನ ಅಂಚು ವೈರಿನ ಹೊದಿಕೆಯನ್ನು ಗರಗಸದಂತೆ ಕೊಯ್ಯುತ್ತದೆ. ವೈರಿನ ತುದಿಯಲ್ಲಿ ತಾಮ್ರ ಕರಗಿ ಸಾಸಿವೆ ಕಾಳಿನಂತೆ ಗುಂಡಗಾಗಿದೆಯೇ ನೋಡಿ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಪಕ್ಕದ ಎಳೆಗಳು ನೆಟ್ಟಗಿದ್ದು ಒಂದು ಕಡೆ ಮಾತ್ರ ಗುಂಡು ಕಟ್ಟಿದ್ದರೆ ಅಲ್ಲಿ ಕಿಡಿ ಹಾರಿದೆ ಎಂದೇ ಲೆಕ್ಕ. ಆದರೂ ಅವಸರದ ತೀರ್ಮಾನ ಬೇಡ. ಬೇರೆಲ್ಲೋ ಹುಟ್ಟಿದ ಬೆಂಕಿಯಿಂದ ಹೊದಿಕೆ ಸುಟ್ಟಾಗಲೂ ಕರೆಂಟಿದ್ದ ವೈರಿನಲ್ಲಿ ಇಂಥದೇ ಗುಂಡು ಆಗುತ್ತದೆ. ಗುಂಡಿನ ಜಾಗ, ತಗಡು ಹೆಚ್ಚು ಬೆಂದ ಜಾಗ, ಹೊಗೆ ಮೊದಲು ಕಂಡ ಜಾಗ, ಮೂರೂ ಒಂದೇ ಕಡೆ ಕೂಡಿದರೆ ನಂಬಿ.

ಈಗ ಬಿಚ್ಚುವ ಕೆಲಸ. ಸೀಟು, ಕಾರ್ಪೆಟ್, ಲೈನಿಂಗ್, ಬಾಗಿಲ ಪ್ಯಾಡು, ಡ್ಯಾಶ್‌ಬೋರ್ಡ್, ಹೀಟರ್ ಪೆಟ್ಟಿಗೆ, ತಗಡಿಗೆ ಅಂಟಿಸಿರುವ ಡಾಂಬರಿನ ಹಾಳೆ, ಎಲ್ಲವೂ ಹೊರಗೆ ಬರಲಿ. ಒಳಗೆ ಬರಿ ತಗಡು ಕಾಣಬೇಕು. ಚೆನ್ನಾಗಿದೆ ಎನ್ನುವ ನಿಮ್ಮ ಹಿಂದಿನ ಸೀಟಿನ ಫೋಮ್ ಕೂಡ ಹೋಗಲಿ. ಫೋಮ್ ಎಂದರೆ ಸಾವಿರಾರು ಪುಟ್ಟ ಗೂಡುಗಳು, ಪ್ರತಿಯೊಂದೂ ಹೊಗೆ ಕುಡಿದಿದೆ. ಅದನ್ನು ತೊಳೆದು ಶುದ್ಧ ಮಾಡಿದವರನ್ನು ನಾನು ನೋಡಿಲ್ಲ. ಬಣ್ಣ ಸುಡದ ಸೀಟಿನ ಕಬ್ಬಿಣದ ಚೌಕಟ್ಟು ಉಳಿಸಿಕೊಳ್ಳಿ. ಕಾರ್ಪೆಟ್ ಎತ್ತಿದಾಗ ಅದರಡಿಯ ಫೆಲ್ಟು ಒದ್ದೆಯಾಗಿ, ಪುಡಿ ಕೆಸರಾಗಿ, ಕೆಳಗಿನ ತಗಡು ಕೆಂಪಗಾಗಿದ್ದರೆ ಆಶ್ಚರ್ಯಪಡಬೇಡಿ.

ಶುಚಿ ಮಾಡುವಾಗ ಮೊದಲು ನೀರು ಮುಟ್ಟಿಸಬೇಡಿ. ಮಸಿಗೆ ನೀರು ಬಿದ್ದರೆ ಅದು ಎಣ್ಣೆಯಂತೆ ಹರಡಿ ಸಂದಿಗೆ ಇಳಿಯುತ್ತದೆ. ಒಣ ಪುಡಿಯನ್ನೂ ಮಸಿಯನ್ನೂ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರಿನಿಂದ, ಮೃದು ಬ್ರಷ್ ಹಚ್ಚಿ, ಮೇಲಿನಿಂದ ಕೆಳಗೆ ಎಳೆಯಿರಿ. ಮಾಮೂಲಿ ವ್ಯಾಕ್ಯೂಮ್ ಈ ನಯವಾದ ಮಸಿಯನ್ನು ಹಿಂದಿನಿಂದ ಮತ್ತೆ ಗಾಳಿಗೆ ಬಿಡುತ್ತದೆ. ಏರ್ ಗನ್ ಹಿಡಿದು ಊದುವುದಂತೂ ಬೇಡವೇ ಬೇಡ. ಆಮೇಲೆ ಮಸಿ ಒರೆಸಲೆಂದೇ ಸಿಗುವ ಒಣ ರಬ್ಬರ್ ಸ್ಪಾಂಜು, ಆಮೇಲೆ ಜಿಡ್ಡು ತೆಗೆಯುವ ಕ್ಷಾರೀಯ ಡಿಗ್ರೀಸರ್, ಕೊನೆಗೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತಗಡನ್ನೆಲ್ಲ ಒರೆಸಿ, ತಿಳಿನೀರಿನಲ್ಲಿ ತೊಳೆದು, ಅಂದೇ ಪೂರ್ತಿ ಒಣಗಿಸಿ. ಆಮ್ಲ ಹೋಯಿತೋ ಇಲ್ಲವೋ ಎಂಬುದಕ್ಕೆ ಊಹೆ ಬೇಡ. ತಗಡಿನ ಮೇಲೆ ಎರಡು ಹನಿ ಶುದ್ಧ ನೀರು ಬಿಟ್ಟು ಪಿಎಚ್ ಕಾಗದ ಒತ್ತಿ. 7ರ ಆಸುಪಾಸು (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಬಂದರೆ ಮುಂದಕ್ಕೆ, ಇಲ್ಲವಾದರೆ ಇನ್ನೊಮ್ಮೆ.

ತಗಡನ್ನು ಅಂಗೈಯಿಂದ ಒತ್ತಿ ನೋಡಿ. ಡಬ್ಬಿಯ ಮುಚ್ಚಳದಂತೆ ಟಕ್ಕೆಂದು ಒಳಗೆ ಹೊರಗೆ ಆಡುತ್ತಿದ್ದರೆ ಕಾವಿಗೆ ಸೊಟ್ಟಗಾಗಿದೆ, ಟಿಂಕರಿಂಗ್ ಬೇಕು. ಬಣ್ಣ ಪೂರ್ತಿ ಸುಟ್ಟುಹೋದ ಕಡೆ ಸತುವಿನ ಲೇಪವೂ ಹೋಗಿರಬಹುದು, ಏಕೆಂದರೆ ಸತು 419 ಡಿಗ್ರಿಗೇ ಕರಗುತ್ತದೆ. ಅಲ್ಲಿ ತುಕ್ಕು ಉಜ್ಜಿ ತೆಗೆದು ಎಪಾಕ್ಸಿ ಪ್ರೈಮರ್ ಹೊಡೆದು, ಜೋಡಣೆಯ ಗೆರೆಗಳಿಗೆ ಹೊಸದಾಗಿ ಸೀಲರ್ ಎಳೆಯಿರಿ. ಹೊಳೆಗಿಳಿಯುವ ಗಾಡಿಗೆ ಈ ಸೀಲರ್ ಅಲಂಕಾರವಲ್ಲ. ನೆಲದ ರಬ್ಬರ್ ಬಿರಡೆಗಳನ್ನೂ ಹೊಸದು ಹಾಕಿ.

ವೈರಿಂಗ್ ವಿಷಯಕ್ಕೆ ಬಂದೆ. ಇಲ್ಲಿ ನಾನು ಮಾಡಿದ ತಪ್ಪನ್ನೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಇಂಥದೇ ಗಾಡಿಯೊಂದರಲ್ಲಿ ಸುಟ್ಟ ವೈರುಗಳನ್ನಷ್ಟೇ ಕತ್ತರಿಸಿ ಹೊಸ ತುಂಡು ಜೋಡಿಸಿದ್ದೆ. ಉಳಿದ ಹಾರ್ನೆಸ್, ಅಂದರೆ ಗಾಡಿಯ ವೈರುಗಳ ಕಟ್ಟು, ಕಣ್ಣಿಗೆ ಚೆನ್ನಾಗಿತ್ತು. ಆರು ತಿಂಗಳಲ್ಲಿ ಮೀಟರ್ ಸತ್ತಿತು, ಆಮೇಲೆ ವೈಪರ್, ಕೊನೆಗೆ ಕತ್ತಲ ದಾರಿಯಲ್ಲಿ ಹೆಡ್‌ಲೈಟ್. ಅಂದು ಆ ಗಾಡಿಯಲ್ಲಿ ಮಕ್ಕಳಿದ್ದರು. ಅಪಾಯವೇನೂ ಆಗಲಿಲ್ಲ, ಆದರೆ ಮಾಲೀಕರು ಫೋನಿನಲ್ಲಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ಅಂದಿನಿಂದ ಹೊಗೆ ತುಂಬಿದ ಕ್ಯಾಬಿನ್ನಿಗೆ ಪೂರ್ತಿ ಹೊಸ ಹಾರ್ನೆಸ್ ಹಾಕದೆ ನಾನು ಗಾಡಿ ಕೊಟ್ಟಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಖರ್ಚು ಉಳಿಸಬೇಕೆಂದರೆ ಸೀಟಿನ ಬಟ್ಟೆಯಲ್ಲಿ ಉಳಿಸಿ, ಇಲ್ಲಿ ಬೇಡ.

ಹೊಸದು ಹಾಕುವಾಗ ಕ್ರಾಸ್‌ಲಿಂಕ್ಡ್ (ಅಣುಗಳನ್ನು ಒಂದಕ್ಕೊಂದು ಹೆಣೆದ ಪ್ಲಾಸ್ಟಿಕ್) ಹೊದಿಕೆಯ ವೈರು ಕೇಳಿ. ಸಾಮಾನ್ಯ ಪಿವಿಸಿ ವೈರು 80ರಿಂದ 105 ಡಿಗ್ರಿಯ ತನಕ ತಾಳಿದರೆ ಇದು 125ರವರೆಗೂ ತಾಳುತ್ತದೆ, ಉಜ್ಜಾಟವನ್ನೂ ಹೆಚ್ಚು ಸಹಿಸುತ್ತದೆ. ನೀರಿಗಿಳಿಯುವ ಗಾಡಿಯಾದ್ದರಿಂದ ತವರ ಲೇಪಿಸಿದ ತಾಮ್ರದ ವೈರು, ರಬ್ಬರ್ ಸೀಲ್ ಇರುವ ಕನೆಕ್ಟರ್, ಒಳಗೆ ಗೋಂದಿನ ಪದರ ಇರುವ, ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬು. ಬರಿ ಇನ್ಸುಲೇಷನ್ ಟೇಪು ಸುತ್ತಿದ ಜಾಯಿಂಟು ಒಂದೂ ಇರಬಾರದು. ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. ಅದರ ಅಳತೆಯನ್ನು ವೈರಿನ ದಪ್ಪ ನೋಡಿ ಆರಿಸಬೇಕು. ಫ್ಯೂಸ್ ಪದೇಪದೇ ಹೋಗುತ್ತದೆ ಎಂದು ದೊಡ್ಡದು ಹಾಕಿದರೆ, ಆಮೇಲೆ ಕರಗುವ ಸರದಿ ವೈರಿನದು. ಬ್ಯಾಟರಿಯಿಂದ ಹೊರಡುವ ಪ್ರತಿಯೊಂದು ಹೆಚ್ಚುವರಿ ವೈರಿಗೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾವ ಕಾವಲೂ ಇಲ್ಲ. ವಿಂಚಿನ ಮಾತು ಬೇರೆ; ಭಾರಿ ವಿಂಚು ಪೂರ್ತಿ ಎಳೆತದಲ್ಲಿ 400 ಆಂಪಿಯರಿನಷ್ಟು ಹೀರಬಲ್ಲದು. ಅದಕ್ಕೆ ತಕ್ಕ ದಪ್ಪದ ಕೇಬಲ್ಲು, ಕೈಗೆ ಸಿಗುವಂತೆ ಒಂದು ಬ್ಯಾಟರಿ ಕಟ್-ಆಫ್ ಸ್ವಿಚ್ಚು ಇರಲಿ. ನಿಲ್ಲಿಸಿದ ಗಾಡಿಗೆ ಬೆಂಕಿ ಬಿದ್ದದ್ದು ನಿಮಗೆ. ರಾತ್ರಿ ಆ ಸ್ವಿಚ್ಚು ತಿರುಗಿಸಿ ಮಲಗಿದರೆ ನೆಮ್ಮದಿ.

ಡ್ಯಾಶ್‌ಬೋರ್ಡ್ ಬಿಚ್ಚಿರುವಾಗಲೇ ಬ್ರೇಕ್ ಮಾಸ್ಟರ್ ಸಿಲಿಂಡರಿನ ಹಿಂದುಗಡೆ, ಕ್ಲಚ್ ಪೈಪು, ಸ್ಟಿಯರಿಂಗ್ ಕಂಬದ ರಬ್ಬರ್ ಕಪ್ಲಿಂಗು, ಪ್ಲಾಸ್ಟಿಕ್ ಬುಷ್ಷು ನೋಡಿಬಿಡಿ. ಕಾವು ತಿಂದ ಗುರುತಿದ್ದರೆ ಬದಲಿಸಿ.

ಮತ್ತೆ ಹೊದಿಸುವಾಗ ಕಾರ್ಪೆಟ್ ಬದಲು ಅಚ್ಚಿನ ರಬ್ಬರ್ ಹಾಸು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎತ್ತಿ ತೊಳೆಯಬಹುದು, ಅಡಿಯಲ್ಲಿ ತೇವ ಅಡಗಿದರೂ ಕಾಣುತ್ತದೆ. ಸೀಟು, ಲೈನಿಂಗ್‌ಗೆ ವಾಹನಕ್ಕೆಂದೇ ತಯಾರಾದ ಬಟ್ಟೆ, ಫೋಮನ್ನೇ ಕೊಳ್ಳಿ. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 302 ನಿಯಮದ ಪ್ರಕಾರ ಕ್ಯಾಬಿನ್ನಿನ ವಸ್ತುಗಳ ಮೇಲೆ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು. ಇದರರ್ಥ ಅವು ಸುಡುವುದಿಲ್ಲ ಎಂದಲ್ಲ, ಇಳಿದು ಓಡಲು ನಿಮಗೆ ಸ್ವಲ್ಪ ಹೊತ್ತು ಕೊಡುತ್ತವೆ ಎಂದು. ಮನೆಯ ಹಾಸಿಗೆಗೆ ಬಳಸುವ ಅಗ್ಗದ ಫೋಮ್ ಆ ಹೊತ್ತನ್ನು ಕೊಡಬೇಕೆಂದಿಲ್ಲ.

ಪ್ರಶ್ನೆ: ನಮ್ಮ ಗಾಡಿಯ ಎಂಜಿನ್ ಕಡೆ ಸಣ್ಣ ಬೆಂಕಿಯಾಗಿ ಕ್ಯಾಬಿನ್ನಿಗೆ ಹೊಗೆ ಮಾತ್ರ ನುಗ್ಗಿತ್ತು. ಸೀಟು, ಕಾರ್ಪೆಟ್ ಎಲ್ಲ ಹೊಸದು ಹಾಕಿಸಿದೆವು. ಎರಡು ಸಲ ಓಝೋನ್ ಯಂತ್ರವನ್ನೂ ಇಟ್ಟಾಯಿತು. ಆದರೂ ಬ್ಲೋವರ್ ಹಾಕಿದ ತಕ್ಷಣ ಸುಟ್ಟ ವಾಸನೆ ಬರುತ್ತದೆ. ಏನು ಮಾಡಬೇಕು?

ಉತ್ತರ: ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಬ್ಲೋವರ್ ಹಾಕಿದ ತಕ್ಷಣ. ಮಸಿ ಡ್ಯಾಶ್‌ಬೋರ್ಡಿನೊಳಗಿನ ಗಾಳಿಪೆಟ್ಟಿಗೆಯಲ್ಲಿ ಕೂತಿದೆ. ಎಸಿಯಲ್ಲಿ ಗಾಳಿ ತಂಪು ಮಾಡುವ ಎವಾಪರೇಟರಿನ ಸಣ್ಣ ರೆಕ್ಕೆಗಳ ಸಂದಿ ಯಾವಾಗಲೂ ತೇವ, ಮಸಿ ಅಲ್ಲಿ ಲೇಪದಂತೆ ಅಂಟಿರುತ್ತದೆ. ಕ್ಯಾಬಿನ್ ಫಿಲ್ಟರ್ ಬದಲಿಸಿ ನೋಡಿ, ಅದು ಸುಲಭದ ಮೊದಲ ಹೆಜ್ಜೆ. ವಾಸನೆ ಹೋಗದಿದ್ದರೆ ಎಸಿ ಅನಿಲವನ್ನು ಯಂತ್ರದಿಂದ ಸರಿಯಾಗಿ ಹೊರತೆಗೆಸಿ, ಪೆಟ್ಟಿಗೆ ಇಳಿಸಿ, ಬ್ಲೋವರ್ ಚಕ್ರ ಮತ್ತು ಕೊಳವೆಗಳನ್ನು ಒಂದೊಂದಾಗಿ ತೊಳೆಯಬೇಕು. ಒಳಗಿನ ಫ್ಲಾಪುಗಳಿಗೆ ಅಂಟಿಸಿರುವ ಫೋಮ್ ಪಟ್ಟಿಗಳನ್ನು ತೊಳೆಯಬೇಡಿ, ಕಿತ್ತು ಹೊಸದು ಅಂಟಿಸಿ.

ಓಝೋನ್ ಇನ್ನು ಬೇಡ. ಮಸಿ ಒಳಗಿರುವಷ್ಟು ದಿನ ಅದು ವಾಸನೆಯನ್ನು ಎರಡು ದಿನ ಮರೆಮಾಡುತ್ತದೆ, ಅಷ್ಟೇ. ಮೇಲಿಂದ ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ನಿಮ್ಮ ಬಾಗಿಲ ರಬ್ಬರ್ ಬೀಡಿಂಗುಗಳನ್ನು ಒಮ್ಮೆ ಬಗ್ಗಿಸಿ ನೋಡಿ. ಯಂತ್ರ ಇಟ್ಟಿದ್ದ ಗಾಡಿಯಲ್ಲಿ ಚೆನ್ನಾಗಿ ಗಾಳಿಯಾಡುವ ಮೊದಲು ಯಾರೂ ಕೂರಬಾರದು, ಶ್ವಾಸಕೋಶಕ್ಕೆ ಕೆಟ್ಟದ್ದು.

ಪ್ರಶ್ನೆ: ಹೊಗೆ ಹಿಡಿದ ಸೀಟ್ ಬೆಲ್ಟುಗಳನ್ನು ಸೋಪಿನಲ್ಲಿ ತೊಳೆದಿದ್ದೇನೆ, ಈಗ ಹೊಸದರಂತೆ ಕಾಣುತ್ತಿವೆ. ಬಳಸಬಹುದೇ?

ಉತ್ತರ: ಬಳಸಬೇಡಿ. ಬೆಲ್ಟನ್ನು ಕೊನೆಯ ತನಕ ಎಳೆದು, ಕಣ್ಣು ಮುಚ್ಚಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನಿಧಾನವಾಗಿ ಹಾಯಿಸಿ. ಎಲ್ಲೋ ಒಂದು ಕಡೆ ಬಟ್ಟೆಯ ಮೃದುತನ ಹೋಗಿ ಗಾಜಿನ ಚೂರಿನಂತೆ ನುಣುಪಾಗಿ, ಗಟ್ಟಿಯಾಗಿ ತಾಗಿದರೆ ಅಲ್ಲಿ ಪಾಲಿಯೆಸ್ಟರ್ ನೂಲು ಕರಗಿ ಒಂದಕ್ಕೊಂದು ಅಂಟಿದೆ. ಆದರೆ ಹಾಗೆ ತಾಗದಿದ್ದರೂ ನಂಬುವಂತಿಲ್ಲ. ಕರಗುವ ಮೊದಲೇ ನೂಲು ಕಾವಿಗೆ ಬಲ ಕಳೆದುಕೊಂಡಿರುತ್ತದೆ, ಸುರುಳಿ ಸುತ್ತುವ ರೀಲಿನೊಳಗೆ ಪ್ಲಾಸ್ಟಿಕ್ ಹಲ್ಲುಗಳೂ ಸ್ಪ್ರಿಂಗೂ ಇವೆ, ಅಲ್ಲಿಗೆ ಇಳಿದ ಮಸಿಯನ್ನು ಸೋಪು ಮುಟ್ಟುವುದಿಲ್ಲ. ಮುಂದಿನದು, ಹಿಂದಿನದು ಎಂದು ನೋಡದೆ ಎಲ್ಲ ಬೆಲ್ಟನ್ನೂ ರೀಲು, ಬಕಲ್ ಸಮೇತ ಹೊಸದು ಹಾಕಿ. ಬೋಲ್ಟು ಕೂರುವ ಕಡೆ ತಗಡು ಬೆಂದಿದೆಯೇ ಎಂದು ಮೊದಲು ನೋಡಿಸಿ. ಹಳೆಯದನ್ನು ಎಸೆಯುವ ಮುಂಚೆ ನಡುವೆ ಕತ್ತರಿಸಿಬಿಡಿ, ಬೇರೆ ಯಾರೂ ಎತ್ತಿಕೊಂಡು ತಮ್ಮ ಗಾಡಿಗೆ ಹಾಕಿಕೊಳ್ಳದಂತೆ.