ಇಸ್ತಾಂಬುಲ್‌ನಲ್ಲಿ ಅಪರಿಚಿತರು ಚಹಾಕ್ಕೆ ಕರೆದರೆ

ನಮಸ್ಕಾರ. ಮುಂದಿನ ತಿಂಗಳು ಒಬ್ಬರೇ ಇಸ್ತಾಂಬುಲ್‌ಗೆ ಹೊರಟಿರುವ ನೀವು, ಅಪರಿಚಿತರು ಚಹಾಕ್ಕೆ ಕರೆದರೆ ಒಪ್ಪಬಹುದೇ ಎಂದು ಕೇಳಿದ್ದೀರಿ. ಖಂಡಿತ ಒಪ್ಪಬಹುದು, ಆದರೆ ಅವರು ಎಲ್ಲಿಗೆ ಕರೆಯುತ್ತಿದ್ದಾರೆ ಎಂಬುದನ್ನು ಮೊದಲು ಗಮನಿಸಿ.

ಎಮಿನೊನುವಿನಿಂದ ಕಡಿಕೊಯ್‌ಗೆ, ಅಂದರೆ ಯುರೋಪಿನ ದಡದಿಂದ ಏಷ್ಯಾದ ದಡಕ್ಕೆ, ಹೋಗುವ ಹಡಗಿನಲ್ಲಿ ನಾನು ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದುದನ್ನು ಕಂಡ ವೃದ್ಧರೊಬ್ಬರು, ಚಹಾ ಮಾರುವವನಿಂದ ಎರಡು ಲೋಟ ಕೊಂಡು ಒಂದನ್ನು ನನ್ನ ಮುಂದಿಟ್ಟರು. ನಡು ಸಣ್ಣದಾದ ಗಾಜಿನ ಲೋಟ, ಹಾಲಿಲ್ಲದ ಕೆಂಪು ಚಹಾ, ಬಸಿಯ ಅಂಚಿನಲ್ಲಿ ಎರಡು ಸಕ್ಕರೆ ತುಂಡು. ಅವರಿಗೆ ಇಂಗ್ಲಿಷ್ ಬಾರದು, ನನಗೆ ತುರ್ಕಿ ಬಾರದು. ಆದರೂ ದಾರಿಯುದ್ದಕ್ಕೂ ಮೊಮ್ಮಕ್ಕಳ ಫೋಟೊ ತೋರಿಸಿದರು, ಹಣ ಕೊಡಲು ಹೋದಾಗ ಎದೆಯ ಮೇಲೆ ಕೈಯಿಟ್ಟು ಬೇಡವೆಂದರು. ಆ ಪ್ರಯಾಣ ನನಗೆ ಇಂದಿಗೂ ಬಹಳ ಪ್ರಿಯ.

ಹಳೆಯ ನಗರದ ಸುಲ್ತಾನಹ್ಮೆತ್ ಪ್ರದೇಶದ ಜಮಖಾನೆ ಅಂಗಡಿಗಳಲ್ಲಿ ಕೊಡುವ ಚಹಾ ವ್ಯಾಪಾರದ ರೂಢಿ. ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕೆಂದಿಲ್ಲ. ಎಚ್ಚರ ಬೇಕಿರುವುದು ತಕ್ಸಿಮ್ ಚೌಕದ ಸುತ್ತಮುತ್ತ: ತಾವೂ ಪ್ರವಾಸಿಗರೆಂದು ಹೇಳಿಕೊಂಡು ಮಾತಿಗಿಳಿದು, ತಮಗೆ ಗೊತ್ತಿರುವ ಬಾರ್‌ಗೆ ಕರೆದೊಯ್ದು, ಕೊನೆಗೆ ವಿಪರೀತ ಮೊತ್ತದ ಬಿಲ್ಲನ್ನು ನಿಮ್ಮಿಂದ ವಸೂಲಿ ಮಾಡಿಸುವ ಮೋಸ ಅಲ್ಲಿ ಹಳೆಯದು. ಹಾಗೆಯೇ ಬೂಟ್ ಪಾಲಿಶ್ ಮಾಡುವವರು ನಿಮ್ಮೆದುರು ಬ್ರಷ್ ಬೀಳಿಸಿದಾಗ ನೀವು ಎತ್ತಿಕೊಟ್ಟರೆ, ಕೃತಜ್ಞತೆಯ ಹೆಸರಿನಲ್ಲಿ ಪಾಲಿಶ್ ಮಾಡಿ ಆಮೇಲೆ ಹಣ ಕೇಳುತ್ತಾರೆ. ಇಂಥಲ್ಲಿ ನಿಲ್ಲದೆ, ‘ತೆಶೆಕ್ಕುರ್ಲೆರ್’ (ಧನ್ಯವಾದ) ಎಂದು ಹೇಳಿ ಮುಂದೆ ನಡೆಯಿರಿ. ತುರ್ತು ಸಹಾಯಕ್ಕೆ 112 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡಿರಿ.